ದೊಡ್ಡಸ್ವಾಮಿಗಳು ಉಳಿಸಿದ ಕಣ್ಣುಗಳು

ನಿಮ್ಮ ಮನೆಯಲ್ಲಿ ಅರವತ್ತು ದಾಟಿದ ಅಜ್ಜನೋ ಅಜ್ಜಿಯೋ ಇದ್ದರೆ ಅವರ ತೋಳನ್ನೊಮ್ಮೆ ನೋಡಿ. ನಾಲ್ಕಾಣೆ ಅಗಲದ ಒಂದೆರಡು ದುಂಡನೆಯ ಗುರುತುಗಳು ಅಲ್ಲಿರಬಹುದು. ಚಿಕ್ಕಂದಿನಲ್ಲಿ ದೇವಿ ಹಾಕಿಸಿಕೊಂಡ ಗುರುತು ಎಂದು ಅವರು ಹೇಳಿಯಾರು. ಇಂದಿನ ಮಕ್ಕಳ ತೋಳಿನಲ್ಲಿ ಆ ಸಿಡುಬಿನ ಲಸಿಕೆಯ ಗುರುತಿಲ್ಲ, ಏಕೆಂದರೆ ಆ ರೋಗವೇ ಲೋಕದಲ್ಲಿಲ್ಲ. ನಮ್ಮ ಮೈಸೂರು ಸೀಮೆಯಲ್ಲಿ ಆ ಲಸಿಕೆಯನ್ನು ಮೊದಮೊದಲು ಹಳ್ಳಿಯ ಜನರ ಬಳಿಗೆ ಕೊಂಡೊಯ್ದವರಲ್ಲಿ ಒಬ್ಬ ಕಥೋಲಿಕ ಗುರುಗಳಿದ್ದರೆಂಬುದು ನಿಮಗೆ ಗೊತ್ತೇ? ಅವರೇ ಅಬ್ಬೆ ದುಬ್ವಾ. ಜನ ಅವರನ್ನು ಪ್ರೀತಿಯಿಂದ ದೊಡ್ಡಸ್ವಾಮಿಯವರೆಂದು ಕರೆದರು.

ದುಬ್ವಾರವರ ಹೆಸರನ್ನು ನಮ್ಮಲ್ಲಿ ಅನೇಕರು ಕೇಳಿದ್ದೇವೆ. ಹಿಂದೂ ದೇಶದ ಜನರ ನಡೆನುಡಿ, ಆಚಾರ ವಿಚಾರಗಳನ್ನು ಕುರಿತ ದೊಡ್ಡ ಗ್ರಂಥದ ಕರ್ತೃವೆಂದು ಕಾಲೇಜಿಗೆ ಹೋಗುವ ಮಕ್ಕಳು ಓದುತ್ತಾರೆ. ಶ್ರೀರಂಗಪಟ್ಟಣದ ಗಂಜಾಂಗೆ ಹೋದವರು ಅವರ ಹೆಸರಿನಿಂದ ಗುರುತಿಸಲಾಗುವ ಹಳೆಯ ದೇವಾಲಯವನ್ನು ನೋಡಿರುತ್ತಾರೆ. ಆದರೆ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ತಾಲ್ಲೂಕುಗಳ ನಮ್ಮ ಕುಟುಂಬಗಳಿಗೆ ಅವರ ಬಾಳಿನಿಂದ ಇಂದಿಗೂ ಕಲಿಯಬೇಕಾದ ಪಾಠ ಬೇರೆಯೇ ಇದೆ. ಅದು ಅಂಗವಿಕಲತೆಗೆ ಸಂಬಂಧಿಸಿದ ಪಾಠ.

ಜಾನ್ ಅಂತ್ವಾನ್ ದುಬ್ವಾ ಹುಟ್ಟಿದ್ದು ಫ್ರಾನ್ಸ್ ದೇಶದ ಆರ್ದೆಶ್ ಪ್ರಾಂತದ ಸೇಂತ್ ರೆಮೇಜ್ ಎಂಬ ಹಳ್ಳಿಯಲ್ಲಿ. 1766ರ ಜನವರಿಯಲ್ಲಿ ಅವರಿಗೆ ಜ್ಞಾನಸ್ನಾನವಾಯಿತು. 1792ರಲ್ಲಿ, ಫ್ರೆಂಚ್ ಕ್ರಾಂತಿಯ ಬಿರುಗಾಳಿ ಬೀಸುತ್ತಿದ್ದಾಗ, ಅವರು ಗುರುದೀಕ್ಷೆ ಪಡೆದರು. ಅದೇ ವರ್ಷ ಪ್ಯಾರಿಸ್ಸಿನ ವಿದೇಶಿ ಮಿಷನ್ ಸಂಸ್ಥೆಯ ಗುರುಗಳಾಗಿ ಭಾರತಕ್ಕೆ ಹೊರಟರು. ಅವರಿಗೆ ಆಗ ಇಪ್ಪತ್ತಾರು ವರ್ಷ. ಪುದುಚೇರಿಯಲ್ಲಿ ಇಳಿದು, ದಕ್ಷಿಣದ ಜಿಲ್ಲೆಗಳಲ್ಲಿ ಕೆಲಕಾಲ ಸೇವೆ ಮಾಡಿದರು. ಬಹುಬೇಗ ಅವರು ಒಂದು ತೀರ್ಮಾನಕ್ಕೆ ಬಂದರು. ಜನರ ನಡುವೆ ಕೆಲಸ ಮಾಡಬೇಕಾದರೆ ಅವರಂತೆಯೇ ಬಾಳಬೇಕು. ಈ ನಾಡಿನವರಂತೆ ಉಡುಪು ಧರಿಸಿದರು, ಇಲ್ಲಿಯ ಊಟಕ್ಕೆ ಒಗ್ಗಿಕೊಂಡರು, ಮಾಂಸವನ್ನು ತ್ಯಜಿಸಿದರು, ಇಲ್ಲಿಯ ಭಾಷೆಗಳನ್ನು ಕಲಿತರು.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದಿತು. ಕೆನರಾದಿಂದ 1784ರಲ್ಲಿ ಸೆರೆಯಾಳುಗಳಾಗಿ ತರಲ್ಪಟ್ಟು ಹದಿನೈದು ವರ್ಷ ಅಲ್ಲಿ ನರಳಿದ ಕ್ರೈಸ್ತರಿಗೆ ಬಿಡುಗಡೆಯಾಯಿತು. ಮಠವಿಲ್ಲ, ಮನೆಯಿಲ್ಲ, ಗುರುಗಳಿಲ್ಲ. ಆ ಚದುರಿದ ಮಂದೆಯನ್ನು ಒಟ್ಟುಗೂಡಿಸಲು ಕರ್ನಲ್ ವೆಲ್ಲೆಸ್ಲಿಯ ಶಿಫಾರಸಿನ ಮೇರೆಗೆ ದುಬ್ವಾರವರನ್ನು ಕರೆಸಿಕೊಳ್ಳಲಾಯಿತು. ಹಾಗೆ ಮೈಸೂರು ಸೀಮೆಗೆ ಬಂದವರು ಇಪ್ಪತ್ತಕ್ಕೂ ಹೆಚ್ಚು ವರ್ಷ ಇಲ್ಲಿಯೇ ಉಳಿದರು. ಬಲವಂತದಿಂದ ಮತಾಂತರಗೊಂಡಿದ್ದವರನ್ನು ಮತ್ತೆ ಧರ್ಮಸಭೆಯ ತೆಕ್ಕೆಗೆ ಸೇರಿಸಿಕೊಂಡರು. ನೆಲೆಯಿಲ್ಲದವರಿಗೆ ನೆಲೆ ಹುಡುಕತೊಡಗಿದರು.

ಆ ಕಾಲದಲ್ಲಿ ಜನರನ್ನು ಬೆನ್ನಟ್ಟುತ್ತಿದ್ದ ದೊಡ್ಡ ಶತ್ರು ಯಾವುದು? ಯುದ್ಧವಲ್ಲ, ಬರವೂ ಅಲ್ಲ, ಅದು ಸಿಡುಬು. ಈ ರೋಗ ತಗುಲಿದ ಹತ್ತು ಮಂದಿಯಲ್ಲಿ ಸುಮಾರು ಮೂವರು ಸಾಯುತ್ತಿದ್ದರು. ಹೆಚ್ಚಾಗಿ ಬಲಿಯಾಗುತ್ತಿದ್ದವರು ಎಳೆಯ ಮಕ್ಕಳು. ಬದುಕಿ ಉಳಿದವರ ಕತೆಯನ್ನು ನಾವು ಮರೆತಿದ್ದೇವೆ. ಅನೇಕರ ಮುಖದ ತುಂಬ ಕಲೆ. ಕಣ್ಣಿನ ಗುಡ್ಡೆಯ ಮೇಲೆ ಹುಣ್ಣಾಗಿ ಕೆಲವರಿಗೆ ಒಂದು ಕಣ್ಣು, ಇನ್ನು ಕೆಲವರಿಗೆ ಎರಡೂ ಕಣ್ಣು ಹೋಗುತ್ತಿತ್ತು. ಕೆಲವು ಮಕ್ಕಳ ಮೂಳೆ ಕೀಲುಗಳಿಗೆ ರೋಗ ಹತ್ತಿ ಕೈಕಾಲು ಸೊಟ್ಟಗಾಗುತ್ತಿದ್ದವು. ಹದಿನೆಂಟನೇ ಶತಮಾನದ ಯೂರೋಪಿನಲ್ಲಿ ಕುರುಡರಾದವರ ಪೈಕಿ ಮೂರನೇ ಒಂದು ಭಾಗದವರ ದೃಷ್ಟಿಯನ್ನು ಕಸಿದದ್ದು ಸಿಡುಬೇ ಎಂದು ಅಂದಾಜು ಮಾಡಲಾಗಿದೆ.

ಐದು ವರ್ಷದ ಮಗು ಕಣ್ಣು ಕಳೆದುಕೊಂಡರೆ ಮುಂದೇನು? ಕುರುಡರಿಗೆ ಅಂದು ಮೈಸೂರಿನಲ್ಲಿ ಶಾಲೆಯಿರಲಿಲ್ಲ. ಬೆರಳಿನಿಂದ ಓದುವ ಲಿಪಿಯನ್ನು ಕೊಟ್ಟ ಲೂಯಿ ಬ್ರೈಲ್ ಇನ್ನೂ ಹುಟ್ಟಿರಲಿಲ್ಲ, ಅವರು ಹುಟ್ಟಿದ್ದು 1809ರಲ್ಲಿ. ನೇಗಿಲು ಹಿಡಿಯಲಾಗದು, ಮಗ್ಗದ ಮುಂದೆ ಕೂರಿಸುವವರಿಲ್ಲ. ಮನೆಯವರು ಇರುವ ತನಕ ಮೂಲೆಯಲ್ಲೊಂದು ಚಾಪೆ, ಅವರ ನಂತರ ದೇವಾಲಯದ ಬಾಗಿಲಲ್ಲಿ ಭಿಕ್ಷೆ. ಕಣ್ಣು ಹೋದದ್ದು ರೋಗದಿಂದ, ಬದುಕು ಹೋದದ್ದು ಶಾಲೆಯೂ ಕೆಲಸವೂ ಇಲ್ಲದ್ದರಿಂದ. ಓದುಗರೇ, ಈ ಎರಡನ್ನು ಬೇರೆ ಬೇರೆಯಾಗಿ ನೋಡುವುದನ್ನು ನಾವು ಕಲಿಯಬೇಕು.

ಇಂಗ್ಲೆಂಡಿನ ವೈದ್ಯ ಎಡ್ವರ್ಡ್ ಜೆನ್ನರ್ 1796ರಲ್ಲಿ ಹಸುವಿನ ಸಿಡುಬಿನ ಕೀವನ್ನು ಮನುಷ್ಯರಿಗೆ ಹಾಕಿದರೆ ಮಾರಕ ಸಿಡುಬು ತಗುಲುವುದಿಲ್ಲವೆಂದು ತೋರಿಸಿದ್ದರು. ಆ ಲಸಿಕೆ 1802ರ ಜೂನ್‌ನಲ್ಲಿ ಮುಂಬಯಿ ಮುಟ್ಟಿತು. ಅಲ್ಲಿ ಅನ್ನಾ ಡಸ್ಟ್‌ಹಾಲ್ ಎಂಬ ಮೂರು ವರ್ಷದ ಬಾಲಕಿಗೆ ಮೊದಲು ಫಲಿಸಿತು. ಅಂದು ಮಂಜುಗಡ್ಡೆಯ ಪೆಟ್ಟಿಗೆ ಇರಲಿಲ್ಲ, ಬಿಸಿಲಿಗೆ ಔಷಧ ಕೆಡುತ್ತಿತ್ತು. ಹೀಗಾಗಿ ಒಂದು ಮಗುವಿಗೆ ಲಸಿಕೆ ಹಾಕಿ, ಸುಮಾರು ಎಂಟನೆಯ ದಿನ ಅದರ ತೋಳಿನ ಗುಳ್ಳೆಯಿಂದ ದ್ರವ ತೆಗೆದು ಇನ್ನೊಂದು ಮಗುವಿನ ತೋಳಿಗೆ ಹಾಕಬೇಕಾಗಿತ್ತು. ತೋಳಿನಿಂದ ತೋಳಿಗೆ, ಊರಿನಿಂದ ಊರಿಗೆ ಸಾಗುವ ಮಕ್ಕಳ ಸರಪಳಿ ಅದು. ಒಂದು ಕೊಂಡಿ ತಪ್ಪಿದರೆ ಎಲ್ಲ ನಿಂತುಹೋಗುತ್ತಿತ್ತು.

ಈ ಸರಪಳಿಗೆ ಯಾವ ತಾಯಿ ತನ್ನ ಮಗುವನ್ನು ಕೊಟ್ಟಾಳು? ಪರದೇಶಿಗಳ ಮದ್ದು, ಹಸುವಿನ ಮೈಯಿಂದ ಬಂದ ಕೀವು, ಇನ್ನೊಂದು ಜಾತಿಯ ಮಗುವಿನ ತೋಳಿನ ನೀರು! ಜನ ಅಂಜಿದ್ದರಲ್ಲಿ ಆಶ್ಚರ್ಯವಿಲ್ಲ. ಇಂತಹ ಕೆಲಸ ಸರಕಾರದ ಹುಕುಮಿನಿಂದ ಆಗುವುದಲ್ಲ. ನಂಬಿಕೆಯಿಂದ ಆಗಬೇಕು. ಆ ನಂಬಿಕೆಯನ್ನು ದುಬ್ವಾರವರು ಆಗಲೇ ಗಳಿಸಿದ್ದರು. ಜನರ ಉಡುಪನ್ನು ಉಟ್ಟು, ಜನರ ಮಾತನ್ನಾಡುತ್ತಿದ್ದ ಗುರು ಅವರು. 1803-04ರ ಅವಧಿಯಲ್ಲಿ ಅವರ ಪ್ರಯತ್ನದಿಂದ ಲಸಿಕೆ ಪಡೆದವರ ಸಂಖ್ಯೆ 25,432 ಎಂದು ದಾಖಲೆಯಲ್ಲಿದೆ. ರಸ್ತೆ, ವಾಹನ, ಆಸ್ಪತ್ರೆ ಯಾವುದೂ ಇಲ್ಲದ ಕಾಲದಲ್ಲಿ ಇಪ್ಪತ್ತೈದು ಸಾವಿರ ತೋಳುಗಳು! ಅವುಗಳ ಹಿಂದೆ ಉಳಿದ ಕಣ್ಣುಗಳೆಷ್ಟೋ ದೇವರೇ ಬಲ್ಲ.

ಅದೇ ಕಾಲದಲ್ಲಿ ಮೈಸೂರಿನ ಅರಮನೆಯೂ ಲಸಿಕೆಯ ಪರವಾಗಿ ನಿಂತಿತು. ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರು ಸಿಂಹಾಸನದಲ್ಲಿದ್ದರು, ದಿವಾನ್ ಪೂರ್ಣಯ್ಯನವರು ಆಡಳಿತ ನಡೆಸುತ್ತಿದ್ದರು. ಸುಮಾರು 1805ರಲ್ಲಿ ಥಾಮಸ್ ಹಿಕ್ಕಿ ಎಂಬ ಚಿತ್ರಕಾರ ಬರೆದ ವರ್ಣಚಿತ್ರವೊಂದರಲ್ಲಿ ಮೂವರು ರಾಜಸ್ತ್ರೀಯರಿದ್ದಾರೆ. ಅವರಲ್ಲಿ ಒಬ್ಬಾಕೆ ಸೀರೆಯ ಸೆರಗನ್ನು ಸರಿಸಿ ತೋಳನ್ನು ತೋರುತ್ತಿದ್ದಾರೆ. ಆಕೆ ಲಸಿಕೆ ಹಾಕಿಸಿಕೊಂಡ ಜಾಗವನ್ನು ಪ್ರಜೆಗಳಿಗೆ ತೋರಿಸುತ್ತಿರುವ ರಾಣಿ ಎಂದು ಇತಿಹಾಸಕಾರ ನೈಜೆಲ್ ಚಾನ್ಸಲರ್ ಅಭಿಪ್ರಾಯಪಟ್ಟಿದ್ದಾರೆ. ಅರಮನೆಯಲ್ಲಿ ರಾಣಿ, ಹಳ್ಳಿಯಲ್ಲಿ ಗುರು. ಒಳ್ಳೆಯ ಕೆಲಸಕ್ಕೆ ಎರಡು ಕಡೆಯಿಂದಲೂ ಕೈ ಕೂಡಿತು.

ರೋಗ ತಡೆದರೆ ಸಾಲದು, ಹೊಟ್ಟೆಗೂ ದಾರಿಯಾಗಬೇಕಲ್ಲವೇ? ದುಬ್ವಾರವರು ಅದನ್ನೂ ಮರೆಯಲಿಲ್ಲ. ಬಡ ಕ್ರೈಸ್ತರು ಬೇಸಾಯ ಮಾಡಿ ಬಾಳಲೆಂದು ಕೃಷಿ ವಸಾಹತುಗಳನ್ನು ನೆಲೆಗೊಳಿಸಿದರು. ಹಾಸನದ ಬಳಿಯ ಸಾತಳ್ಳಿಯಲ್ಲಿ ಅವರು ನೆಟ್ಟ ಸಮುದಾಯ ಇಂದಿಗೂ ಕ್ರೈಸ್ತ ನೆಲೆಯಾಗಿಯೇ ಉಳಿದಿದೆ. ಭಿಕ್ಷೆ ಹಾಕುವುದು ಸುಲಭ, ದುಡಿಮೆಯ ದಾರಿ ಮಾಡಿಕೊಡುವುದು ಕಷ್ಟ. ಅವರು ಕಷ್ಟದ್ದನ್ನೇ ಆರಿಸಿಕೊಂಡರು.

ಈ ನಡುವೆ ಅವರು ಸಿದ್ಧಪಡಿಸಿದ ಗ್ರಂಥದ ಹಸ್ತಪ್ರತಿಯನ್ನು ಈಸ್ಟ್ ಇಂಡಿಯಾ ಕಂಪನಿ 1807ರಲ್ಲಿ ಕೊಂಡುಕೊಂಡಿತು. ಅದು ಇಂಗ್ಲಿಷಿನಲ್ಲಿ ಅಚ್ಚಾಗಿ ಅವರಿಗೆ ಲೋಕಖ್ಯಾತಿ ತಂದಿತು. ಅದರ ಬಹುಭಾಗ ತಮಗಿಂತ ಮುಂಚಿನ ಜೆಸ್ವಿತ್ ಗುರು ಕೇರ್ದೂ ಅವರ ಬರಹದಿಂದ ಬಂದದ್ದೆಂದು ನಮ್ಮ ಕಾಲದ ವಿದ್ವಾಂಸರು ತೋರಿಸಿಕೊಟ್ಟಿದ್ದಾರೆ. ಗ್ರಂಥದಲ್ಲಿ ನಮ್ಮ ಜನರ ಮೇಲೆ ಕಠಿಣವಾದ ಮಾತುಗಳೂ ಇವೆ. ದುಬ್ವಾರವರು ತಪ್ಪೇ ಮಾಡದ ವ್ಯಕ್ತಿಯಲ್ಲ, ಅವರನ್ನು ಸಂತರ ಪಟ್ಟಿಗೆ ಸೇರಿಸಿದವರೂ ಇಲ್ಲ. ಆದರೂ ಪುಸ್ತಕದ ಕೀರ್ತಿ ಒಂದು ತೂಕವಾದರೆ, ಲಸಿಕೆಯ ಸೇವೆ ಇನ್ನೊಂದು ತೂಕ.

ವಿಚಿತ್ರವೆಂದರೆ ಅವರಿಗೆ ಮಾತ್ರ ತಮ್ಮ ಬಾಳು ಸೋಲೆಂದೇ ತೋರಿತು. ಭಾರತದಲ್ಲಿ ಕ್ರೈಸ್ತ ಧರ್ಮದ ಸ್ಥಿತಿಗತಿಯ ಬಗ್ಗೆ ಅವರು ಬರೆದ ಪತ್ರಗಳು 1823ರಲ್ಲಿ ಪ್ರಕಟವಾದವು. ಅಷ್ಟೊಂದು ವರ್ಷ ದುಡಿದರೂ ಇನ್ನೂರು ಮುನ್ನೂರು ಜನರನ್ನು ಮಾತ್ರ ಕ್ರೈಸ್ತರನ್ನಾಗಿ ಮಾಡಲು ಸಾಧ್ಯವಾಯಿತೆಂದೂ, ಅವರಲ್ಲಿಯೂ ಅನೇಕರು ಹಿಂದಿರುಗಿದರೆಂದೂ ನೋವಿನಿಂದ ತೋಡಿಕೊಂಡಿದ್ದಾರೆ. 1823ರ ಜನವರಿ 15ರಂದು ಮದರಾಸಿನಿಂದ ಹಡಗು ಹತ್ತಿದರು. ಮೂವತ್ತೊಂದು ವರ್ಷ ಬಾಳಿದ ನಾಡನ್ನು ಮತ್ತೆಂದೂ ಕಾಣಲಿಲ್ಲ. ಪ್ಯಾರಿಸ್ಸಿನಲ್ಲಿ ತಮ್ಮ ಸಂಸ್ಥೆಯ ಗುರುಮಠದಲ್ಲಿ ಸೇವೆ ಮುಂದುವರಿಸಿದರು. 1836ರಿಂದ 1839ರವರೆಗೆ ಅದರ ಮುಖ್ಯಸ್ಥರಾಗಿದ್ದರು. ಪಂಚತಂತ್ರದ ಕತೆಗಳನ್ನು ಫ್ರೆಂಚ್ ಭಾಷೆಗೆ ತಂದರು. 1848ರ ಫೆಬ್ರವರಿ 17ರಂದು, ಎಂಬತ್ತೆರಡನೆಯ ವಯಸ್ಸಿನಲ್ಲಿ, ದೇವರ ಪಾದ ಸೇರಿದರು.

ಅವರು ಮುನ್ನೂರನ್ನು ಎಣಿಸಿ ದುಃಖಪಟ್ಟರು. ಇಪ್ಪತ್ತೈದು ಸಾವಿರವನ್ನು ಎಣಿಸಿ ಸಂತೋಷಪಡಲಿಲ್ಲ. ಅವರು ಕಾಣದ ಫಲವನ್ನು ನಾವು ಕಂಡಿದ್ದೇವೆ. ಭಾರತದಲ್ಲಿ ಸಿಡುಬಿನ ಕೊನೆಯ ರೋಗಿ ಪತ್ತೆಯಾದದ್ದು 1975ರ ಮೇ ತಿಂಗಳಲ್ಲಿ. 1980ರ ಮೇ 8ರಂದು ಇಡೀ ಲೋಕವೇ ಸಿಡುಬಿನಿಂದ ಮುಕ್ತವಾಯಿತೆಂದು ವಿಶ್ವ ಆರೋಗ್ಯ ಸಂಸ್ಥೆಯ ಸಭೆ ಸಾರಿತು. ಸಿಡುಬಿನಿಂದ ಕುರುಡಾದ ಮಗು ಇಂದು ನಮ್ಮ ಯಾವ ಊರಿನಲ್ಲಿಯೂ ಇಲ್ಲ.

ಹಾಗಾದರೆ ಅಂಗವಿಕಲತೆ ಮುಗಿಯಿತೇ? ಇಲ್ಲ. 2011ರ ಜನಗಣತಿಯಂತೆ ಭಾರತದಲ್ಲಿ 2.68 ಕೋಟಿ ವಿಕಲಚೇತನರಿದ್ದರು, ಕರ್ನಾಟಕದಲ್ಲಿ 13 ಲಕ್ಷಕ್ಕೂ ಮಿಕ್ಕಿ. ಅಂದರೆ ನೂರು ಜನರಲ್ಲಿ ಇಬ್ಬರಿಗಿಂತ ತುಸು ಹೆಚ್ಚು. ನಿಮ್ಮ ಧರ್ಮಕೇಂದ್ರದಲ್ಲಿ ಐನೂರು ಜನರಿದ್ದರೆ ಹತ್ತು ಹನ್ನೊಂದು ಮಂದಿ ಇರಬೇಕೆಂದಾಯಿತು. ಭಾನುವಾರದ ಬಲಿಪೂಜೆಯಲ್ಲಿ ಅವರಲ್ಲಿ ಎಷ್ಟು ಜನ ಕಾಣುತ್ತಾರೆ? ಒಮ್ಮೆ ಎಣಿಸಿ ನೋಡಿ. ಕಾಣದವರು ಎಲ್ಲಿದ್ದಾರೆ?

ಜನಗಣತಿಯ ಅಂಕಿಗಳು ಮೂರು ವಿಷಯ ಹೇಳುತ್ತವೆ. ಮೊದಲನೆಯದು ವಯಸ್ಸು. ದೇಶದಲ್ಲಿ ಅರವತ್ತರ ಹರೆಯದವರಲ್ಲಿ ನೂರಕ್ಕೆ ನಾಲ್ವರು, ಎಪ್ಪತ್ತರ ಹರೆಯದವರಲ್ಲಿ ಆರು ಮಂದಿ, ಎಂಬತ್ತು ದಾಟಿದವರಲ್ಲಿ ಎಂಟು ಮಂದಿ ಅಂಗವಿಕಲತೆಯಿಂದ ಬಳಲುತ್ತಾರೆ. ಅಜ್ಜಿಗೆ ಕಣ್ಣು ಮಂಜಾದರೆ, ಅಜ್ಜನಿಗೆ ಕಿವಿ ಕೇಳದಿದ್ದರೆ, ವಯಸ್ಸಾಯಿತಲ್ಲ ಎಂದು ನಾವು ಸುಮ್ಮನಾಗುತ್ತೇವೆ. ಆದರೆ ಕಣ್ಣಿನ ಪೊರೆಯನ್ನು ಒಂದು ಚಿಕ್ಕ ಶಸ್ತ್ರಚಿಕಿತ್ಸೆಯಿಂದ ತೆಗೆಯಬಹುದು. ಮಕ್ಕಳೆಲ್ಲ ಮೈಸೂರು, ಬೆಂಗಳೂರು ಸೇರಿ ಮುದುಕರಿಬ್ಬರೇ ಉಳಿದಿರುವ ಮನೆಗಳು ನಮ್ಮ ಹಳ್ಳಿಗಳಲ್ಲಿ ಹೆಚ್ಚುತ್ತಿವೆ. ಅವರನ್ನು ಶಿಬಿರಕ್ಕೆ ಕರೆದೊಯ್ಯುವವರು ಯಾರು?

ಎರಡನೆಯದು ವಿದ್ಯೆ. ಐದರಿಂದ ಹತ್ತೊಂಬತ್ತು ವರ್ಷದ ವಿಕಲಚೇತನ ಮಕ್ಕಳಲ್ಲಿ ನೂರಕ್ಕೆ ಇಪ್ಪತ್ತೇಳು ಮಕ್ಕಳು ಶಾಲೆಯ ಮೆಟ್ಟಿಲನ್ನೇ ತುಳಿದಿರಲಿಲ್ಲ. ಎಲ್ಲ ವಯಸ್ಸಿನವರನ್ನೂ ಸೇರಿಸಿದರೆ ಅಕ್ಷರ ಬಲ್ಲವರು ನೂರಕ್ಕೆ ಐವತ್ತೈದು ಮಾತ್ರ. ಮೂರನೆಯದು ಕೆಲಸ. ನೂರಕ್ಕೆ ಮೂವತ್ತಾರು ಮಂದಿಗೆ ಮಾತ್ರ ಕೆಲಸವಿತ್ತು. ಗಂಡಸರಲ್ಲಿ ನಲವತ್ತೇಳು, ಹೆಂಗಸರಲ್ಲಿ ಇಪ್ಪತ್ತಮೂರು. ಈ ಮೂರೂ ಒಂದಕ್ಕೊಂದು ಕೊಂಡಿಗಳು. ಶಾಲೆಗೆ ಹೋಗದ ಮಗುವಿಗೆ ಮುಂದೆ ಕೆಲಸವಿಲ್ಲ. ಕೆಲಸವಿಲ್ಲದವನಿಗೆ ಮುಪ್ಪಿನಲ್ಲಿ ಆಸರೆಯಿಲ್ಲ. ದುಬ್ವಾರವರ ಕಾಲದ ಮಕ್ಕಳ ಸರಪಳಿಯಂತೆಯೇ ಇದು. ಮೊದಲ ಕೊಂಡಿಯನ್ನು ಬಾಲ್ಯದಲ್ಲಿಯೇ ಹಿಡಿಯಬೇಕು.

ನಮ್ಮ ತಾಲ್ಲೂಕುಗಳಿಗೆ ಇದು ಇನ್ನೂ ಹತ್ತಿರದ ಮಾತು. ಹುಣಸೂರು, ಪಿರಿಯಾಪಟ್ಟಣದ ಹೊಗೆಸೊಪ್ಪಿನ ಹೊಲವಿರಲಿ, ಕೆ.ಆರ್. ನಗರದ ಗದ್ದೆಯಿರಲಿ, ಎಚ್.ಡಿ. ಕೋಟೆಯ ಕಾಡಂಚಿನ ಹಾಡಿಯಿರಲಿ, ಇಲ್ಲಿ ಕೆಲಸವೆಂದರೆ ಮೈಮುರಿಯುವ ದುಡಿಮೆ. ಕಾಲಿಲ್ಲದವನಿಗೆ ಹೊಲದಲ್ಲಿ ಜಾಗವಿಲ್ಲ. ಆದ್ದರಿಂದಲೇ ಓದು ಅವನಿಗೆ ಇತರರಿಗಿಂತ ಹೆಚ್ಚು ಬೇಕು. ನಾವು ಮಾಡುವುದು ತಿರುಗುಮುರುಗು. ಗಟ್ಟಿಮುಟ್ಟಾದ ಮಗನನ್ನು ಕಾನ್ವೆಂಟಿಗೆ ಕಳಿಸುತ್ತೇವೆ, ಕುಂಟುವ ಮಗಳನ್ನು ಮನೆಯಲ್ಲಿ ಉಳಿಸಿಕೊಳ್ಳುತ್ತೇವೆ.

ದಾರಿಗಳು ಇಲ್ಲದೆ ಇಲ್ಲ. ಮೈಸೂರಿನಲ್ಲಿ ಕಿವುಡ ಮತ್ತು ಅಂಧ ಮಕ್ಕಳ ಶಾಲೆ 1901ರಲ್ಲಿಯೇ ಆರಂಭವಾಯಿತು. ಮಾತು ಮತ್ತು ಕಿವಿಯ ತೊಂದರೆಗಳಿಗೆಂದೇ ಇರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1960ರ ದಶಕದಿಂದ ಮಾನಸಗಂಗೋತ್ರಿಯ ಬಳಿ ಇದೆ. ವಿಕಲಚೇತನ ಯುವಕ ಯುವತಿಯರಿಗಾಗಿಯೇ ಜೆ.ಎಸ್.ಎಸ್. ಪಾಲಿಟೆಕ್ನಿಕ್ 1991ರಲ್ಲಿ ತೆರೆಯಿತು. 2016ರ ಕಾನೂನು ಅಂಗವಿಕಲತೆಯ ವಿಧಗಳನ್ನು 7ರಿಂದ 21ಕ್ಕೆ ಏರಿಸಿದೆ. ಅಂಗವಿಕಲತೆ ಶೇಕಡಾ 40ಕ್ಕೆ ಕಡಿಮೆಯಿಲ್ಲವೆಂದು ಪ್ರಮಾಣಪತ್ರ ಇರುವವರಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕನ್ನೂ, ಸರಕಾರಿ ಹುದ್ದೆಗಳಲ್ಲಿ ಶೇಕಡಾ 4 ಮೀಸಲಾತಿಯನ್ನೂ ಕೊಟ್ಟಿದೆ. ಆ ಪ್ರಮಾಣಪತ್ರ, ಗುರುತಿನ ಚೀಟಿ ಇಲ್ಲದಿದ್ದರೆ ಇವುಗಳಲ್ಲಿ ಹೆಚ್ಚಿನದು ಕೈಗೆಟುಕದು. ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರನ್ನು ಕೇಳಿದರೆ ಮಾಡಿಸುವ ದಾರಿ ತಿಳಿಸುತ್ತಾರೆ.

ತಡೆಯುವ ಕೆಲಸವೂ ಮುಗಿದಿಲ್ಲ. ಪೋಲಿಯೋದಿಂದ ಕಾಲು ಸೊರಗಿದ ನಡುವಯಸ್ಸಿನವರು ನಮ್ಮ ಊರುಗಳಲ್ಲಿ ಇದ್ದಾರೆ, ಹಾಗಾದ ಪುಟ್ಟ ಮಕ್ಕಳನ್ನು ಈಗ ಕಾಣುವುದಿಲ್ಲ. 2011ರ ಜನವರಿಯ ನಂತರ ಭಾರತದಲ್ಲಿ ಕಾಡು ಪೋಲಿಯೋದ ಪ್ರಕರಣ ಕಂಡುಬಂದಿಲ್ಲ. 2014ರ ಮಾರ್ಚಿಯಲ್ಲಿ ಅದಕ್ಕೆ ಅಧಿಕೃತ ಮುದ್ರೆ ಬಿದ್ದಿತು. ಇದೂ ಮನೆಮನೆಗೆ ಹೋದವರ ಪುಣ್ಯ. ಬಸುರಿಗೆ ರುಬೆಲ್ಲಾ ತಗುಲಿದರೆ ಮಗು ಕಿವುಡಾಗಿ, ಕಣ್ಣಿನಲ್ಲಿ ಪೊರೆಯೊಂದಿಗೆ ಹುಟ್ಟಬಹುದು. ಅದನ್ನು ತಡೆಯುವ ದಡಾರ ರುಬೆಲ್ಲಾ ಲಸಿಕೆಯ ಅಭಿಯಾನ ಕರ್ನಾಟಕದಲ್ಲಿ 2017ರಲ್ಲಿ ಆರಂಭವಾಯಿತು. ನಿಮ್ಮ ಮೊಮ್ಮಗುವಿಗೆ ಎರಡು ಡೋಸೂ ಆಗಿದೆಯೇ ಎಂದು ತಾಯಿ ಕಾರ್ಡನ್ನು ತೆರೆದು ನೋಡಿ. ಸೋದರಮಾವನಿಗೋ ಅತ್ತೆಯ ಮಗನಿಗೋ ಹೆಣ್ಣು ಕೊಡುವ ರೂಢಿಯಿಂದ ಹುಟ್ಟುಕಿವುಡು ಮುಂತಾದ ತೊಂದರೆಗಳ ಸಂಭವ ಹೆಚ್ಚುತ್ತದೆ. ಹತ್ತಿರದ ರಕ್ತಸಂಬಂಧದ ಮದುವೆಗೆ ಧರ್ಮಸಭೆ ತಡೆ ಇಟ್ಟಿರುವುದನ್ನೂ ನೆನಪಿಡೋಣ.

ಸಂತ ಯೊವಾನ್ನರ ಶುಭಸಂದೇಶದ 9ನೇ ಅಧ್ಯಾಯವನ್ನು ಇಂದು ರಾತ್ರಿ ಮನೆಯ ಪ್ರಾರ್ಥನೆಯಲ್ಲಿ ಓದಿ. ಹುಟ್ಟುಕುರುಡನನ್ನು ಕಂಡ ಶಿಷ್ಯರು ಇದು ಯಾರ ಪಾಪದ ಫಲವೆಂದು ಕೇಳುತ್ತಾರೆ. ಪ್ರಭು ಯೇಸು ಆ ಲೆಕ್ಕವನ್ನೇ ತಳ್ಳಿಹಾಕುತ್ತಾರೆ. ಅವನ ಪಾಪವೂ ಅಲ್ಲ, ಹೆತ್ತವರ ಪಾಪವೂ ಅಲ್ಲ. ಎರಡು ಸಾವಿರ ವರ್ಷಗಳಾದರೂ ಆ ಪ್ರಶ್ನೆಯನ್ನು ನಾವು ಬಿಟ್ಟಿಲ್ಲ. ಅಂತಹ ಮಗುವಿನ ತಾಯಿಯ ಎದುರಿನಲ್ಲಿಯೇ ಪೂರ್ವಜನ್ಮದ ಕರ್ಮ, ದೇವರ ಶಿಕ್ಷೆ ಎನ್ನುತ್ತೇವೆ. ಆ ಮಾತಿನ ನಾಚಿಕೆಯಿಂದಲೇ ಎಷ್ಟೋ ಮನೆಗಳಲ್ಲಿ ಮಕ್ಕಳನ್ನು ಒಳಗೆ ಬಚ್ಚಿಡುತ್ತಾರೆ.

ಜೂನ್ 13ರಂದು ನಾವೆಲ್ಲ ಡೋರನಹಳ್ಳಿಯ ಸಂತ ಅಂತೋಣಿಯವರ ಹಬ್ಬಕ್ಕೆ ಹೋಗುತ್ತೇವೆ. ಅಲ್ಲಿ ಸಾಲಾಗಿ ಕುಳಿತ ಕುಂಟರಿಗೆ, ಕುರುಡರಿಗೆ ನಾಣ್ಯ ಹಾಕಿ ಮುಂದೆ ಸಾಗುತ್ತೇವೆ. ಹಾಕಬೇಡಿ ಎಂದು ಹೇಳುತ್ತಿಲ್ಲ. ಆದರೆ ನಮ್ಮ ಬೀದಿಯಲ್ಲಿಯೇ ಇರುವ ಒಂದು ಮಗುವನ್ನು ಶಾಲೆಗೆ ಸೇರಿಸಿದರೆ, ಮುಂದೆ ಒಬ್ಬರು ಆ ಸಾಲಿನಲ್ಲಿ ಕೂರುವುದು ತಪ್ಪುತ್ತದೆ. ಧರ್ಮೋಪದೇಶದ ತರಗತಿಗೆ ಆ ಮಗುವನ್ನು ಕರೆತನ್ನಿ. ಪ್ರಥಮ ಪರಮಪ್ರಸಾದದಿಂದ ಅದು ದೂರ ಉಳಿಯಬಾರದು. ದೇವಾಲಯದ ಮೆಟ್ಟಿಲ ಪಕ್ಕದಲ್ಲಿ ಗಾಲಿಕುರ್ಚಿ ಏರುವಂತೆ ಒಂದು ಇಳಿಜಾರು ಕಟ್ಟಿಸಲು ಧರ್ಮಕೇಂದ್ರದ ಸಭೆಯಲ್ಲಿ ಕೇಳಿ. ಸಿಮೆಂಟಿನ ಹತ್ತು ಹದಿನೈದು ಚೀಲದ ಮಾತು ಅದು.

ದೊಡ್ಡಸ್ವಾಮಿಗಳು ತಮ್ಮ ಬಾಳನ್ನು ಸೋಲೆಂದು ತಿಳಿದು ಹಡಗು ಹತ್ತಿದರು. ಅವರು ಕಾಪಾಡಿದ ಮಕ್ಕಳು ಬೆಳೆದು, ಅವರ ಮಕ್ಕಳು ಮೊಮ್ಮಕ್ಕಳಾಗಿ, ಈ ಪುಟವನ್ನು ಓದುತ್ತಿರುವ ನಿಮ್ಮಲ್ಲಿ ಕೆಲವರು ಅವರ ಕುಡಿಗಳೇ ಆಗಿರಬಹುದು. ಮುಂದಿನ ಭಾನುವಾರ ಬಲಿಪೂಜೆ ಮುಗಿಸಿ ಬರುವಾಗ, ಬಾಗಿಲು ಮುಚ್ಚಿದ ಆ ಒಂದು ಮನೆಯ ಮುಂದೆ ನಿಂತು ಬಾಗಿಲು ತಟ್ಟಿ. ಒಳಗಿರುವ ಮಗುವಿನ ಹೆಸರೇನೆಂದು ಕೇಳಿ. ಕೆಲಸ ಅಲ್ಲಿಂದ ಆರಂಭವಾಗಲಿ.